ಗೃಹಸ್ಥರ ಸಾಮಾಯಿಕ: ಒಂದು ಐತಿಹಾಸಿಕ ಅವಲೋಕನ

ಪಶ್ಚಿಮ ಘಟ್ಟದಲ್ಲಿ ಹುಟ್ಟಿ ಸಂಪಾಜೆ, ಸುಳ್ಯಗಳನ್ನು ಹಾದು ಆಲೆಟ್ಟಿಯ ನೆರೆಯಲ್ಲಿ ಹರಿಯುವ ಪಯಸ್ವಿನಿಯು ರಾಜ್ಯದ ಗಡಿಯನ್ನು ದಾಟಿ ಕಾಸರಗೋಡಿನ ಬಳಿ ಕಡಲನ್ನು ಸೇರುವಾಗ ಚಂದ್ರಗಿರಿ ಎಂಬ ಹೆಸರನ್ನು ಹೊಂದಿರುತ್ತದೆ. ಈ ಹೆಸರನ್ನು ಮೌರ್ಯ ಚಕ್ರವರ್ತಿ ಚಂದ್ರಗುಪ್ತನೊಡನೆ ಹೊಂದಿಸಿ ಹೇಳುವ ಜನಶ್ರುತಿಯುಂಟು. ಹೊಳೆಯ ಮಾತು ಜನಶ್ರುತಿಯಾದರೂ ಅದೇ ಹೆಸರಿನ ಬೆಟ್ಟದ ಮಾತು ಶಿಲೆಯಲ್ಲಿ ಉಳಿದಿದೆ. ಶ್ರವಣಬೆಳ್ಗೊಳದ ಚಂದ್ರಗಿರಿಯ ಮೇಲೆ, ಪಾರ್ಶ್ವನಾಥ ಬಸದಿಯ ಸಮೀಪದಲ್ಲಿ, ಸುಮಾರು ಕ್ರಿ.ಶ. 600ರ ಕಾಲದ ಶಾಸನವೊಂದಿದೆ. ಉಜ್ಜಯಿನಿಯಲ್ಲಿ ಭದ್ರಬಾಹು ಸ್ವಾಮಿಗಳು ಹನ್ನೆರಡು ವರ್ಷಗಳ ಕ್ಷಾಮವನ್ನು ಮುನ್ನರಿತು ಹೇಳಿದುದನ್ನೂ, ಮುನಿಸಂಘವು ದಕ್ಷಿಣಾಪಥಕ್ಕೆ ಬಂದುದನ್ನೂ ಅದು ತಿಳಿಸುತ್ತದೆ. ಆ ಬೆಟ್ಟಕ್ಕೆ ಆಗ ಕಟವಪ್ರವೆಂದು ಹೆಸರು. ತಮ್ಮ ಆಯುಷ್ಯ ಸ್ವಲ್ಪವೇ ಉಳಿದಿದೆಯೆಂದು ತಿಳಿದ ಆಚಾರ್ಯರು ಅಲ್ಲಿ ಸಂಘವನ್ನೆಲ್ಲ ಬೀಳ್ಕೊಟ್ಟು, ಒಬ್ಬನೇ ಶಿಷ್ಯನೊಡನೆ ತಣ್ಣನೆಯ ವಿಶಾಲವಾದ ಬಂಡೆಯ ಮೇಲೆ ಸಮಾಧಿಯನ್ನು ಸಾಧಿಸಿದರೆಂಬುದು ಶಾಸನದ ಸಾರಾಂಶ. ಏಳನೆಯ ಶತಮಾನದ ಇನ್ನೊಂದು ಶಾಸನ ಭದ್ರಬಾಹು ಮತ್ತು ಚಂದ್ರಗುಪ್ತ ಮುನಿಗಳನ್ನು ಜೊತೆಯಾಗಿ ಸ್ಮರಿಸುತ್ತದೆ.

ಕರ್ನಾಟಕದ ಜೈನಧರ್ಮದ ಇತಿಹಾಸದಲ್ಲಿ ದೊರೆಯುವ ಮೊದಲ ಚಿತ್ರಗಳಲ್ಲಿ ಇದೂ ಒಂದು. ಅದರಲ್ಲಿ ವಾದ್ಯವಿಲ್ಲ, ಮೆರವಣಿಗೆಯಿಲ್ಲ, ಕಟ್ಟಡವೂ ಇಲ್ಲ. ಒಂದು ಬಂಡೆ, ಅದರ ಮೇಲೆ ಕುಳಿತ ಒಬ್ಬ ತಪಸ್ವಿ, ದೂರದಲ್ಲಿ ಒಬ್ಬ ಶಿಷ್ಯ. ಬಸದಿಗಳೂ ಮಾನಸ್ತಂಭಗಳೂ ಉತ್ಸವಗಳೂ ಅನಂತರ ಬಂದವು. ಇವೆಲ್ಲವೂ ಯಾವುದರ ರಕ್ಷಣೆಗಾಗಿ ಬಂದವು ಎಂಬುದನ್ನು ಪ್ರತಿಷ್ಠಾ ಮಹೋತ್ಸವದ ಸಂದರ್ಭದಲ್ಲಿ ಸ್ಮರಿಸುವುದು ಉಚಿತವಾಗಿದೆ.

ಸಾಮಾಯಿಕ ಎಂದರೇನು?

ಜೈನಾಗಮದಲ್ಲಿ ಮೌನಚಿಂತನೆಗೆ ಹಲವು ಹೆಸರುಗಳಿವೆ. ಸಾಮಾಯಿಕ, ಕಾಯೋತ್ಸರ್ಗ, ಅನುಪ್ರೇಕ್ಷೆ, ಧ್ಯಾನ ಇವು ಒಂದೇ ಮನೆಯ ಬೇರೆ ಬೇರೆ ಬಾಗಿಲುಗಳು. ಇವುಗಳಲ್ಲಿ ಗೃಹಸ್ಥನಿಗೆ ಅತ್ಯಂತ ಸಮೀಪವಾದುದು ಸಾಮಾಯಿಕ. ಸರ್ವಾರ್ಥಸಿದ್ಧಿಯೆಂಬ ಟೀಕೆಯನ್ನು ರಚಿಸಿದ ಪೂಜ್ಯಪಾದಾಚಾರ್ಯರು ಈ ಶಬ್ದವನ್ನು ಬಿಡಿಸಿ, ಒಂದಾಗಿ ಸೇರುವುದು, ಏಕತ್ವವನ್ನು ಹೊಂದುವುದು ಎಂಬ ಅರ್ಥವನ್ನು ಹೇಳಿರುವರು. ಹಗಲೆಲ್ಲ ಹತ್ತು ಕಡೆಗೆ ಹರಿದ ಮನಸ್ಸು ತನ್ನ ಮನೆಗೆ ಹಿಂದಿರುಗುವುದೇ ಸಾಮಾಯಿಕ. ಲಾಭ ಬಂದಾಗಲೂ ನಷ್ಟ ಬಂದಾಗಲೂ, ಹೊಗಳಿಕೆಯಲ್ಲೂ ತೆಗಳಿಕೆಯಲ್ಲೂ ಸಮನಾಗಿರುವ ಅಭ್ಯಾಸ ಅದರ ಫಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಶ್ರಾವಕನ ವ್ರತಗಳನ್ನು ಹೇಳುವಲ್ಲಿ ಸಾಮಾಯಿಕವೂ ಸೇರಿದೆ. ಐದು ಅಣುವ್ರತ, ಮೂರು ಗುಣವ್ರತ, ನಾಲ್ಕು ಶಿಕ್ಷಾವ್ರತ ಎಂಬ ಹನ್ನೆರಡರಲ್ಲಿ ಅದು ಶಿಕ್ಷಾವ್ರತಗಳ ಸಾಲಿಗೆ ಸೇರಿದುದು. ಶಿಕ್ಷಾವ್ರತವೆಂದರೆ ಕಲಿಯುವ ವ್ರತ, ದಿನದಿನವೂ ಅಭ್ಯಾಸ ಮಾಡಬೇಕಾದ ವ್ರತ. ಹಿಂಸೆಯನ್ನು ಬಿಡುವೆನೆಂದು ಒಮ್ಮೆ ಪ್ರತಿಜ್ಞೆ ಮಾಡಬಹುದು; ಆದರೆ ಮನಸ್ಸನ್ನು ನಿಲ್ಲಿಸುವೆನೆಂದು ಒಮ್ಮೆ ಹೇಳಿ ಮುಗಿಸಲಾಗದು. ಅದನ್ನು ಇಂದೂ ಕಲಿಯಬೇಕು, ನಾಳೆಯೂ ಕಲಿಯಬೇಕು. ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ, ಅಂದರೆ ಏರುವ ಮೆಟ್ಟಿಲುಗಳಲ್ಲಿ, ಮೂರನೆಯದಕ್ಕೆ ಸಾಮಾಯಿಕ ಪ್ರತಿಮೆಯೆಂದೇ ಹೆಸರು. ಆ ಮೆಟ್ಟಿಲನ್ನು ಏರಿದವನು ದಿನಕ್ಕೆ ಮೂರು ಸಂಧ್ಯೆಗಳಲ್ಲಿಯೂ ಅದನ್ನು ತಪ್ಪದೆ ಆಚರಿಸತಕ್ಕದ್ದು.

ಧ್ಯಾನವಿಲ್ಲದ ಮನುಷ್ಯನಿಲ್ಲ

ಧ್ಯಾನವೆಂದರೆ ಮುನಿಗಳಿಗೆ ಮಾತ್ರ ಸೇರಿದುದು, ವ್ಯಾಪಾರ ವ್ಯವಸಾಯಗಳಲ್ಲಿ ಮುಳುಗಿದವರಿಗೆ ಅದು ಎಟುಕದು ಎಂಬ ಭಾವನೆ ಬಹುಮಂದಿಯಲ್ಲಿದೆ. ಆದರೆ ಉಮಾಸ್ವಾಮಿಗಳ ಸೂತ್ರವನ್ನು ನೋಡಿದರೆ ಆಶ್ಚರ್ಯಕರವಾದ ಸಂಗತಿ ತಿಳಿಯುತ್ತದೆ. ಒಂದೇ ವಿಷಯದಲ್ಲಿ ಚಿತ್ತವನ್ನು ನಿಲ್ಲಿಸುವುದು ಧ್ಯಾನವೆಂದು ಒಂಬತ್ತನೆಯ ಅಧ್ಯಾಯ ಹೇಳಿ, ಅದನ್ನು ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಇವುಗಳಲ್ಲಿ ಮೊದಲಿನ ಎರಡು ಸಂಸಾರಕ್ಕೆ ಕಾರಣ, ಕೊನೆಯ ಎರಡು ಮೋಕ್ಷಕ್ಕೆ ಕಾರಣ.

ಇಷ್ಟವಾದುದು ಕೈಬಿಟ್ಟು ಹೋಯಿತೆಂಬ ಕೊರಗು, ಅನಿಷ್ಟವಾದುದು ಬಂದೊದಗಿತೆಂಬ ಕಳವಳ, ನೋವಿನ ಚಿಂತೆ, ಮುಂದೆ ಭೋಗ ದೊರೆಯಲೆಂಬ ಹಂಬಲ ಈ ನಾಲ್ಕು ಆರ್ತಧ್ಯಾನ. ಹಿಂಸೆ, ಸುಳ್ಳು, ಕಳವುಗಳಲ್ಲಿ ಮನಸ್ಸು ನೆಲೆಸುವುದು ಮತ್ತು ಗಳಿಸಿದ ವಸ್ತುಗಳನ್ನು ಕಾಪಾಡುವ ಕ್ರೂರಚಿಂತೆ ಈ ನಾಲ್ಕು ರೌದ್ರಧ್ಯಾನ. ಅಡಕೆಯ ಧಾರಣೆ ಇಳಿದ ರಾತ್ರಿ ಹಾಸಿಗೆಯಲ್ಲಿ ಹೊರಳುತ್ತ ಅದೊಂದನ್ನೇ ಎಣಿಸುವವನ ಮನಸ್ಸು ಚಂಚಲವಾಗಿದೆ ಎನ್ನುವಂತಿಲ್ಲ. ಅದು ಒಂದೇ ವಿಷಯದಲ್ಲಿ ದೃಢವಾಗಿ ನಿಂತಿದೆ. ಗೋದಾಮಿನ ಬೀಗ, ಬಾಕಿ ಕೊಡದವನ ಮುಖ, ದಾಯಾದಿಯ ಗಡಿಕಲ್ಲು ಇವುಗಳನ್ನು ನೆನೆಯುವಾಗ ಏಕಾಗ್ರತೆಗೆ ಕೊರತೆಯೇ ಇಲ್ಲ. ಆದುದರಿಂದ ಗೃಹಸ್ಥನಿಗೆ ಧ್ಯಾನ ಸಾಧ್ಯವೇ ಎಂಬ ಪ್ರಶ್ನೆಗಿಂತ, ಅವನು ಹಗಲಿರುಳೂ ಮಾಡುತ್ತಿರುವ ಧ್ಯಾನ ಯಾವುದು ಎಂಬುದೇ ವಿಚಾರಯೋಗ್ಯವಾದುದು. ಸಾಮಾಯಿಕವು ಅವನಿಗೆ ಹೊಸತೊಂದು ಶಕ್ತಿಯನ್ನು ತಂದುಕೊಡುವುದಿಲ್ಲ. ಇರುವ ಶಕ್ತಿಯ ದಿಕ್ಕನ್ನು ಬದಲಾಯಿಸುತ್ತದೆ.

ಆಚಾರ್ಯರಲ್ಲಿ ನಡೆದ ಚರ್ಚೆ

ಈ ವಿಷಯದಲ್ಲಿ ಪೂರ್ವಾಚಾರ್ಯರಲ್ಲಿ ಒಂದೇ ಅಭಿಪ್ರಾಯವಿತ್ತೆಂದು ಭಾವಿಸಬಾರದು. ಸುಮಾರು 11ನೆಯ ಶತಮಾನದ ಶುಭಚಂದ್ರಾಚಾರ್ಯರು ಜ್ಞಾನಾರ್ಣವವೆಂಬ ಧ್ಯಾನಶಾಸ್ತ್ರದ ಮಹಾಗ್ರಂಥವನ್ನು ರಚಿಸಿದರು. ಪಿಂಡಸ್ಥ, ಪದಸ್ಥ, ರೂಪಸ್ಥ, ರೂಪಾತೀತ ಎಂಬ ಧ್ಯಾನಗಳನ್ನೂ, ಪಾರ್ಥಿವೀ ಮೊದಲಾದ ಐದು ಧಾರಣೆಗಳನ್ನೂ ವಿಸ್ತಾರವಾಗಿ ವಿವರಿಸಿದ ಆ ಮಹನೀಯರೇ ಗೃಹಸ್ಥಾಶ್ರಮದಲ್ಲಿ ಧ್ಯಾನಸಿದ್ಧಿಯು ಅಸಂಭವವೆಂದು ಬಹು ಕಟುವಾಗಿ ಹೇಳಿದ್ದಾರೆ. ಮನೆಯ ಚಿಂತೆಗಳ ನಡುವೆ ಚಿತ್ತ ನಿಲ್ಲುವುದುಂಟೆ ಎಂಬುದು ಅವರ ವಾದ. ಸಂಸಾರಿಗಳು ಈ ಮಾತನ್ನು ತಳ್ಳಿಹಾಕುವಂತಿಲ್ಲ. ಮನೆಯೆಂದರೆ ಏನೆಂಬುದನ್ನು ಅವರು ಬಲ್ಲರು.

ಆದರೆ ಅವರಿಗಿಂತ ಮೊದಲಿನ ಪೂಜ್ಯಪಾದರು ಧರ್ಮ್ಯಧ್ಯಾನಕ್ಕೆ ಅರ್ಹರಾದವರನ್ನು ಹೇಳುವಾಗ ಅವಿರತ ಸಮ್ಯಗ್ದೃಷ್ಟಿಯನ್ನೂ ದೇಶವಿರತನಾದ ಶ್ರಾವಕನನ್ನೂ ಸೇರಿಸಿರುವರು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಇನ್ನೂ ಮುಂದಕ್ಕೆ ಹೋಗುತ್ತದೆ. ಸಾಮಾಯಿಕದಲ್ಲಿ ಇರುವಷ್ಟು ಹೊತ್ತು ಗೃಹಸ್ಥನಲ್ಲಿ ಆರಂಭ ಪರಿಗ್ರಹಗಳಿಲ್ಲ. ಆದುದರಿಂದ ಆ ಸಮಯದಲ್ಲಿ ಅವನು, ಯಾರೋ ವಸ್ತ್ರವನ್ನು ಹೊದಿಸಿಬಿಟ್ಟ ಮುನಿಯಂತೆ ಇರುತ್ತಾನೆಂಬ ಅಭಿಪ್ರಾಯ ಅಲ್ಲಿ ಬರುತ್ತದೆ. ಗೃಹಸ್ಥನ ವಿಷಯದಲ್ಲಿ ಇಷ್ಟು ಗೌರವದ ಉಪಮೆ ದೊರೆಯುವುದು ಅಪರೂಪ. ದಿಗಂಬರ ಮುನಿಗೆ ಉಪಸರ್ಗವಾಗಿ ಬಟ್ಟೆ ಹೊದಿಸಿದರೆ ಅವನ ಮುನಿತ್ವ ಕೆಡದು. ಹಾಗೆಯೇ ಶ್ರಾವಕನ ಮೈಮೇಲಿನ ಬಟ್ಟೆಯೂ ಹೊರಗೆ ಕಾದಿರುವ ಸಂಸಾರವೂ ಆ ಹೊತ್ತಿನ ಮಟ್ಟಿಗೆ ಅವನಿಗೆ ಸಂಬಂಧಿಸಿದ್ದಲ್ಲ.

ಎರಡು ಮಾತುಗಳೂ ಸತ್ಯವೆಂದು ತೋರುತ್ತದೆ. ಧ್ಯಾನದ ಸಿದ್ಧಿ ಮನೆಯಲ್ಲಿ ದುರ್ಲಭ. ಧ್ಯಾನದ ಅಭ್ಯಾಸ ಮನೆಯಲ್ಲಿಯೇ ಆರಂಭವಾಗಬೇಕು. ಶುಭಚಂದ್ರರು ಎಚ್ಚರಿಸಿದುದು ಅಹಂಕಾರವನ್ನು. ಸಮಂತಭದ್ರರು ಕಳೆದುದು ನಿರಾಶೆಯನ್ನು.

ನಿಂತ ಬಾಹುಬಲಿ, ಆಳಿದ ಭರತ

ತುಳುನಾಡಿನಲ್ಲಿ ಈ ಚರ್ಚೆ ಕಲ್ಲಿನಲ್ಲಿಯೂ ಕಾವ್ಯದಲ್ಲಿಯೂ ಮುಂದುವರಿಯಿತು. ಶ್ರವಣಬೆಳ್ಗೊಳದಲ್ಲಿ ಗಂಗರ ಮಂತ್ರಿ ಚಾವುಂಡರಾಯನು ಸುಮಾರು 981ರಲ್ಲಿ ಸ್ಥಾಪಿಸಿದ ಗೊಮ್ಮಟನ ಮಾದರಿಯನ್ನು ಅನುಸರಿಸಿ, ಕಾರ್ಕಳದಲ್ಲಿ ವೀರಪಾಂಡ್ಯ ಭೈರರಸನು 1432ರ ಫೆಬ್ರವರಿ 13ರಂದು ಸುಮಾರು 42 ಅಡಿ ಎತ್ತರದ ಬಾಹುಬಲಿಯನ್ನು ಪ್ರತಿಷ್ಠಾಪಿಸಿದನು. ವೇಣೂರಿನಲ್ಲಿ ತಿಮ್ಮಣ್ಣ ಅಜಿಲನು 1604ರಲ್ಲಿ 35 ಅಡಿಯ ಮೂರ್ತಿಯನ್ನು ನಿಲ್ಲಿಸಿದನು. ಧರ್ಮಸ್ಥಳದಲ್ಲಿ ರೆಂಜಾಳ ಗೋಪಾಲ ಶೆಣೈಯವರು ಕೆತ್ತಿದ 39 ಅಡಿಯ ಮೂರ್ತಿಯ ಪ್ರತಿಷ್ಠೆ 1982ರಲ್ಲಿ ಜರಗಿತು. ಒಂದು ಸಣ್ಣ ನಾಡಿನಲ್ಲಿ ಮೂರು ಮಹಾಮೂರ್ತಿಗಳು ಎದ್ದು ನಿಂತಿವೆ. ಮೂರೂ ಕಾಯೋತ್ಸರ್ಗದ ಮೂರ್ತಿಗಳು, ಅಂದರೆ ಮೌನದ ಮೂರ್ತಿಗಳು.

ಕಾಯೋತ್ಸರ್ಗವೆಂದರೆ ದೇಹವನ್ನು ಬಿಡುವುದೆಂದು ಶಬ್ದಾರ್ಥ. ಇದರ ತಾತ್ಪರ್ಯ ದೇಹದ ಮೇಲಣ ಮಮಕಾರವನ್ನು ಬಿಡುವುದು. ಬಾಹುಬಲಿಯು ಒಂದು ವರ್ಷ ಹಾಗೆ ನಿಂತನು. ಬಳ್ಳಿ ಹಬ್ಬಿತು, ಹುತ್ತ ಬೆಳೆಯಿತು, ಸರ್ಪಗಳು ಸುಳಿದಾಡಿದವು. ಆದರೂ ಕೇವಲಜ್ಞಾನವು ಉದಯಿಸಲಿಲ್ಲ. ತನ್ನಿಂದ ಅಣ್ಣನಾದ ಭರತನಿಗೆ ಸಂಕ್ಲೇಶವಾಯಿತೆಂಬ ಸೂಕ್ಷ್ಮವಾದ ಒಂದು ಭಾವ ಹೃದಯದಲ್ಲಿ ಉಳಿದಿತ್ತೆಂದು ಜಿನಸೇನಾಚಾರ್ಯರ ಮಹಾಪುರಾಣದ ಸಂಪ್ರದಾಯ ಹೇಳುತ್ತದೆ. ಭರತನು ಬಂದು ಪೂಜಿಸಿದೊಡನೆ ಅದು ಕಳಚಿತು. ದೇಹ ಒಂದು ವರ್ಷ ಅಲುಗದೆ ನಿಲ್ಲಬಹುದು, ಮನಸ್ಸಿನ ಒಂದು ಮುಳ್ಳು ಅದಕ್ಕಿಂತ ದೀರ್ಘಕಾಲ ನಿಲ್ಲಬಹುದು ಎಂಬ ಸತ್ಯವನ್ನು ಈ ಪ್ರಸಂಗ ತಿಳಿಸುತ್ತದೆ. ಮಹಾಮಸ್ತಕಾಭಿಷೇಕದಲ್ಲಿ ಹಾಲು, ಗಂಧ, ಎಳನೀರುಗಳ ಧಾರೆಯನ್ನು ಕಾಣುವವರು ಆ ಅರೆತೆರೆದ ಕಣ್ಣುಗಳಲ್ಲಿ ಇದನ್ನೂ ಕಾಣಬೇಕಾಗಿದೆ.

ಕಾರ್ಕಳದ ಮೂರ್ತಿ ಎದ್ದು ನಿಂತ 125 ವರ್ಷಗಳ ಮೇಲೆ, 1557ರಲ್ಲಿ, ಮೂಡಬಿದಿರೆಯ ರತ್ನಾಕರವರ್ಣಿಯು ಭರತೇಶ ವೈಭವವನ್ನು ಮುಗಿಸಿದನು. ಸಾಂಗತ್ಯದಲ್ಲಿರುವ ಈ ಮಹಾಕಾವ್ಯದಲ್ಲಿ ಭೋಗವಿಜಯ, ದಿಗ್ವಿಜಯ, ಯೋಗವಿಜಯ, ಮೋಕ್ಷವಿಜಯ, ಅರ್ಕಕೀರ್ತಿವಿಜಯ ಎಂಬ ಐದು ಭಾಗಗಳಿವೆ. ಬಾಹುಬಲಿಯ ತ್ಯಾಗವನ್ನು ಕೊಂಡಾಡುವ ಪರಂಪರೆಯಲ್ಲಿ ರತ್ನಾಕರನು ಅಣ್ಣನ ಕಡೆಗೆ ದೃಷ್ಟಿಯನ್ನು ತಿರುಗಿಸಿದನು. ಅವನ ಭರತನು ಆಸ್ಥಾನದಲ್ಲಿ ಕುಳಿತು ರಾಜ್ಯವಾಳುತ್ತಾನೆ, ರಾಣಿಯರೊಡನೆ ನಗುತ್ತಾನೆ, ಮುನಿಗಳಿಗೆ ಆಹಾರದಾನ ಮಾಡಿ ಉಣ್ಣುತ್ತಾನೆ. ಮತ್ತೆ ಅದೇ ಅರಮನೆಯಲ್ಲಿ ಏಕಾಂತವನ್ನು ಸೇರಿ ಆತ್ಮಧ್ಯಾನದಲ್ಲಿ ಮಗ್ನನಾಗುತ್ತಾನೆ. ದೀಕ್ಷೆಯನ್ನು ಕೈಕೊಂಡ ಮೇಲೆ ಅಂತರ್ಮುಹೂರ್ತದಲ್ಲಿಯೇ ಭರತನಿಗೆ ಕೇವಲಜ್ಞಾನವಾಯಿತೆಂಬುದು ಪುರಾಣಪ್ರಸಿದ್ಧ. ಇಷ್ಟು ಶೀಘ್ರವಾಗಿ ಆದುದು ಹೇಗೆ ಎಂಬ ಪ್ರಶ್ನೆಗೆ ಉತ್ತರವೋ ಎಂಬಂತೆ ರತ್ನಾಕರನ ಕಾವ್ಯವಿದೆ. ಭರತನ ಸಾಧನೆ ಆ ಅಂತರ್ಮುಹೂರ್ತದಲ್ಲಿ ಆರಂಭವಾದುದಲ್ಲ. ರಾಜ್ಯಭಾರದ ನಡುವಣ ಪ್ರತಿದಿನದ ಏಕಾಂತದಲ್ಲಿ ಅದು ಬಹುಕಾಲದಿಂದ ಪಕ್ವವಾಗುತ್ತಿತ್ತು. ಶುಭಚಂದ್ರರ ಕಟುವಚನಕ್ಕೆ ಮೂಡಬಿದಿರೆಯ ಕವಿ ವಾದದಿಂದ ಉತ್ತರಿಸಲಿಲ್ಲ, ಒಬ್ಬ ಗೃಹಸ್ಥನ ಬದುಕನ್ನು ಎದುರಿಗೆ ಇರಿಸಿದನು.

ವರ್ತಕರ ನಿದರ್ಶನಗಳು

ಚಕ್ರವರ್ತಿಯ ಮಾತು ಹಾಗಿರಲಿ, ಅಂಗಡಿಯವನ ಪಾಡೇನು ಎಂದು ಕೇಳಬಹುದು. ತುಳುನಾಡಿನ ಬಸದಿಗಳ ಇತಿಹಾಸದಲ್ಲಿ ವರ್ತಕರ ಪಾತ್ರ ಅರಸರ ಪಾತ್ರಕ್ಕಿಂತ ಕಡಿಮೆಯದಲ್ಲ. 1430ರ ಹೊತ್ತಿಗೆ ನಿರ್ಮಾಣಗೊಂಡ ಮೂಡಬಿದಿರೆಯ ತ್ರಿಭುವನ ತಿಲಕ ಚೂಡಾಮಣಿ ಬಸದಿಯ ಹಿಂದೆ ಅಲ್ಲಿಯ ಸೆಟ್ಟಿಗಳ ಔದಾರ್ಯವಿತ್ತು. ಸಾವಿರ ಕಂಬದ ಬಸದಿಯೆಂದು ಲೋಕಪ್ರಸಿದ್ಧವಾದ ಅದರ ಮಂಟಪಗಳನ್ನು ಒಂದೊಂದಾಗಿ ದಾಟಿ ಒಳಗೆ ಹೋದಂತೆ ಬೆಳಕು ಕಡಿಮೆಯಾಗುತ್ತದೆ, ಸದ್ದು ಅಡಗುತ್ತದೆ, ಕಡೆಗೆ ಚಂದ್ರನಾಥ ಸ್ವಾಮಿಯ ಲೋಹಬಿಂಬದ ಎದುರಿಗೆ ದೀಪವೊಂದೇ ಉಳಿಯುತ್ತದೆ. ಹೊರಗಿನಿಂದ ಒಳಕ್ಕೆ ಬರುವ ಮನಸ್ಸಿನ ದಾರಿಯೂ ಅದೇ.

ಉತ್ತರ ಭಾರತದ ಇಬ್ಬರು ವರ್ತಕರನ್ನು ಇಲ್ಲಿ ನೆನೆಯಬಹುದು. ಕಾರ್ಕಳದ ಚತುರ್ಮುಖ ಬಸದಿ ನಿರ್ಮಾಣವಾದ 1586ರಲ್ಲಿಯೇ ಜೌನಪುರದಲ್ಲಿ ಜನಿಸಿದ ಬನಾರಸೀದಾಸರು ವ್ಯಾಪಾರದಲ್ಲಿ ಮತ್ತೆ ಮತ್ತೆ ನಷ್ಟವನ್ನು ಅನುಭವಿಸಿದವರು. ಹುಟ್ಟಿದ ಒಂಬತ್ತು ಮಕ್ಕಳನ್ನೂ ಕಳೆದುಕೊಂಡವರು. ಕುಂದಕುಂದಾಚಾರ್ಯರ ಸಮಯಸಾರವನ್ನು ಓದಿ ಆತ್ಮಚಿಂತನೆಗೆ ತೊಡಗಿದ ಅವರು, ಕೆಲಕಾಲ ನಿಶ್ಚಯನಯವೊಂದನ್ನೇ ಹಿಡಿದು ಪೂಜೆ ವ್ರತಗಳನ್ನೆಲ್ಲ ಹಾಸ್ಯಮಾಡುವಷ್ಟು ದಾರಿತಪ್ಪಿದರು. ಅವರನ್ನು ಸರಿದಾರಿಗೆ ತಂದುದು ಗೊಮ್ಮಟಸಾರದ ಅಧ್ಯಯನ. ಚಾವುಂಡರಾಯನಿಗೆ ಗುರುಗಳಾಗಿದ್ದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗ್ರಂಥವು ಆರು ಶತಮಾನಗಳ ತರುವಾಯ ಆಗ್ರಾದ ವರ್ತಕನೊಬ್ಬನ ಕೈಹಿಡಿಯಿತು. ಈ ತಪ್ಪನ್ನು ಮುಚ್ಚಿಡದೆ 1641ರಲ್ಲಿ ಅರ್ಧಕಥಾನಕವೆಂಬ ಆತ್ಮಚರಿತ್ರೆಯಲ್ಲಿ ಅವರೇ ಬರೆದಿಟ್ಟಿದ್ದಾರೆ. ಆಚಾರವಿಲ್ಲದ ಧ್ಯಾನ ಮಾತಿನ ಚಮತ್ಕಾರವಾಗುತ್ತದೆ, ಧ್ಯಾನವಿಲ್ಲದ ಆಚಾರ ಕೈಕಾಲುಗಳ ಶ್ರಮವಾಗುತ್ತದೆ ಎಂಬುದು ಅವರ ಬದುಕಿನ ಪಾಠ.

ಎರಡನೆಯವರು ಮುಂಬಯಿಯಲ್ಲಿ ಮುತ್ತು ರತ್ನಗಳ ವ್ಯಾಪಾರ ಮಾಡುತ್ತಿದ್ದ ಶ್ರೀಮದ್ ರಾಜಚಂದ್ರರು (1867–1901). 1891ರಲ್ಲಿ ಇಂಗ್ಲೆಂಡಿನಿಂದ ಹಿಂದಿರುಗಿದ ಗಾಂಧೀಜಿಯವರು ಅವರನ್ನು ಕಂಡು ಬೆರಗಾದರು. ಲಕ್ಷಾಂತರ ರೂಪಾಯಿಗಳ ವ್ಯವಹಾರ ಮುಗಿದ ಕ್ಷಣವೇ ಅವರು ಧರ್ಮಗ್ರಂಥವನ್ನೋ ತಮ್ಮ ಟಿಪ್ಪಣಿ ಪುಸ್ತಕವನ್ನೋ ತೆರೆಯುತ್ತಿದ್ದರೆಂದು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಸ್ಮರಿಸಿದ್ದಾರೆ. ಅಂಗಡಿಯ ಮೇಜಿನ ಮೇಲೆ ಧರ್ಮಗ್ರಂಥಕ್ಕೂ ಸ್ಥಳವಿತ್ತು. ಗಿರಾಕಿಗೆ ಸಲ್ಲಬೇಕಾದ ಗಮನ ಗಿರಾಕಿಗೆ ಸಲ್ಲುತ್ತಿತ್ತು. ಅದು ಮುಗಿದ ಮೇಲೆ ವ್ಯಾಪಾರದ ಚಿಂತೆ ಮನಸ್ಸಿನಲ್ಲಿ ಉಳಿಯುತ್ತಿರಲಿಲ್ಲ.

ಆಚರಣೆಯ ಕ್ರಮ

ಸಾಮಾಯಿಕಕ್ಕೆ ಸಾಮಗ್ರಿ ಬೇಡ, ಖರ್ಚು ಬೇಡ, ಇಂದ್ರರ ಬರವಿಗಾಗಿ ಕಾಯಬೇಕಾಗಿಲ್ಲ. ಸದ್ದುಗದ್ದಲವಿಲ್ಲದ ಕಾಡು, ಮನೆ ಅಥವಾ ಚೈತ್ಯಾಲಯ ಇವುಗಳಲ್ಲಿ ಯಾವುದಾದರೂ ಆಗಬಹುದೆಂದು ಸಮಂತಭದ್ರರು ಅನುಮತಿಸಿದ್ದಾರೆ. ಕಾಲವು ಕನಿಷ್ಠ ಒಂದು ಮುಹೂರ್ತ, ಅಂದರೆ ಎರಡು ಘಳಿಗೆ, ಇಂದಿನ ಲೆಕ್ಕದಲ್ಲಿ 48 ನಿಮಿಷ.

ಮೊದಲು ಪೂರ್ವಕ್ಕೋ ಉತ್ತರಕ್ಕೋ ಮುಖಮಾಡಿ ಕಾಯೋತ್ಸರ್ಗದಲ್ಲಿ ನಿಂತು ಒಂಬತ್ತು ಸಾರಿ ಪಂಚನಮಸ್ಕಾರ ಮಂತ್ರವನ್ನು ಮನಸ್ಸಿನಲ್ಲಿಯೇ ಸ್ಮರಿಸತಕ್ಕದ್ದು. ಒಂದು ಮಂತ್ರಕ್ಕೆ ಮೂರು ಉಸಿರಿನಂತೆ ಒಟ್ಟು 27 ಉಸಿರುಗಳಾಗುತ್ತವೆ. ಅವಸರದಲ್ಲಿ ಬಂದವನ ಉಸಿರು ಇಷ್ಟರಲ್ಲಿಯೇ ತಗ್ಗಿ ಸಮವಾಗುತ್ತದೆ. ಬಳಿಕ ನಾಲ್ಕು ದಿಕ್ಕುಗಳಿಗೂ ತಿರುಗಿ, ಒಂದೊಂದು ದಿಕ್ಕಿನಲ್ಲಿ ಮುಗಿದ ಕೈಗಳಿಂದ ಮೂರು ಆವರ್ತಗಳನ್ನೂ ಒಂದು ಶಿರೋನತಿಯನ್ನೂ ಮಾಡುವುದು. ಹೀಗೆ ಹನ್ನೆರಡು ಆವರ್ತ, ನಾಲ್ಕು ಶಿರೋನತಿಗಳಾಗುತ್ತವೆ. ಅನಂತರ ಪದ್ಮಾಸನದಲ್ಲಿಯೋ ಸುಖಾಸನದಲ್ಲಿಯೋ ಕುಳಿತು, ಇಷ್ಟು ಹೊತ್ತು ಎಲ್ಲ ಪಾಪಕ್ರಿಯೆಗಳನ್ನು ಬಿಟ್ಟಿದ್ದೇನೆಂಬ ಸಂಕಲ್ಪವನ್ನು ಮಾಡತಕ್ಕದ್ದು. ಅಮಿತಗತಿ ಆಚಾರ್ಯರ 32 ಶ್ಲೋಕಗಳ ಸಾಮಾಯಿಕ ಪಾಠವು ಬಹುಪ್ರಚಾರದಲ್ಲಿದೆ. ಸಕಲ ಜೀವಿಗಳಲ್ಲಿ ಮೈತ್ರಿ, ಗುಣವಂತರಲ್ಲಿ ಹರ್ಷ, ದುಃಖಿಗಳಲ್ಲಿ ಕರುಣೆ, ವಿರೋಧಿಗಳಲ್ಲಿ ಮಧ್ಯಸ್ಥಭಾವ ಇವುಗಳನ್ನು ಬೇಡಿ ಅದು ಆರಂಭವಾಗುತ್ತದೆ. ಅಂಗಡಿಯಲ್ಲಿ ಜಗಳವಾಡಿ ಬಂದವನಿಗೆ ಆ ನಾಲ್ಕನೆಯದೇ ಆ ದಿನದ ಸಾಮಾಯಿಕವಾಗಬಹುದು.

ಪಾಠದ ಮೇಲೆ ಜಪ. ಜಪಮಾಲೆಯ 108 ಮಣಿಗಳಲ್ಲಿಯೂ ಒಂದು ಲೆಕ್ಕಾಚಾರವಿದೆ. ಸಂರಂಭ, ಸಮಾರಂಭ, ಆರಂಭ ಎಂದು ಮೂರು. ಮನ, ವಚನ, ಕಾಯ ಎಂದು ಮೂರು. ತಾನು ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು ಎಂದು ಮೂರು. ಕ್ರೋಧ, ಮಾನ, ಮಾಯೆ, ಲೋಭಗಳೆಂದು ನಾಲ್ಕು. ಇವುಗಳನ್ನು ಗುಣಿಸಿದರೆ ಪಾಪಾಸ್ರವದ 108 ದಾರಿಗಳಾಗುತ್ತವೆ. ಒಂದೊಂದು ಮಣಿಯೂ ಒಂದೊಂದು ಬಾಗಿಲನ್ನು ಮುಚ್ಚುವ ಪ್ರಯತ್ನ. ವರ್ತಕನು ರಾತ್ರಿ ಕಿರ್ದಿ ಖಾತೆಗಳನ್ನು ತಾಳೆ ನೋಡದೆ ಮಲಗುವುದಿಲ್ಲ. ಅದೇ ಶಿಸ್ತಿನಿಂದ ಅಂದಿನ ಮಾತು, ಕೃತಿ, ಆಲೋಚನೆಗಳನ್ನು ತಾಳೆ ನೋಡುವುದು ಪ್ರತಿಕ್ರಮಣ. ಜಪದ ತರುವಾಯ ಅನಿತ್ಯ, ಅಶರಣ ಮೊದಲಾದ ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಒಂದನ್ನು ಚಿಂತಿಸಿ, ಕಡೆಗೆ ಕೆಲಹೊತ್ತು ಯಾವ ಮಾತೂ ಇಲ್ಲದೆ ಇರುವುದು. ದೇಹದಿಂದ ಏನನ್ನೂ ಮಾಡದೆ, ಬಾಯಿಂದ ಏನನ್ನೂ ನುಡಿಯದೆ, ಮನಸ್ಸಿನಲ್ಲಿ ಏನನ್ನೂ ಎಣಿಸದೆ ಆತ್ಮನು ಆತ್ಮನಲ್ಲಿ ನೆಲೆಸುವುದೇ ಪರಮಧ್ಯಾನವೆಂಬ ಭಾವ ನೇಮಿಚಂದ್ರರ ಹೆಸರಿನ ದ್ರವ್ಯಸಂಗ್ರಹದಲ್ಲಿದೆ. ಮತ್ತೆ ಒಂಬತ್ತು ಸಾರಿ ಮಂತ್ರಸ್ಮರಣೆಯೊಡನೆ ವಿಧಿಯು ಮುಗಿಯುತ್ತದೆ.

ಕುಳಿತರೂ ಮನಸ್ಸು ನಿಲ್ಲುವುದಿಲ್ಲವೆಂದು ಹಲವರು ಬಿಟ್ಟುಬಿಡುತ್ತಾರೆ. ಸೂತ್ರಕಾರರು ಇದನ್ನು ತಿಳಿಯದವರಲ್ಲ. ಮನಸ್ಸು, ಮಾತು, ದೇಹಗಳ ಚಾಂಚಲ್ಯ, ಅನಾದರ, ಮರೆವು ಎಂಬ ಐದನ್ನು ಸಾಮಾಯಿಕದ ಅತಿಚಾರಗಳೆಂದು ಅವರೇ ಹೆಸರಿಸಿದ್ದಾರೆ. ಅತಿಚಾರವೆಂದರೆ ವ್ರತಕ್ಕೆ ತಗಲುವ ಕಳಂಕ, ವ್ರತದ ನಾಶವಲ್ಲ. ಹಟ್ಟಿಯಿಂದ ತಪ್ಪಿಸಿಕೊಂಡ ಕರುವನ್ನು ಮರಳಿ ಕರೆತರುವಂತೆ ಮನಸ್ಸನ್ನು ನೂರು ಸಾರಿ ತರಬೇಕು. ನೂರನೆಯ ಸಾರಿಯೂ ತಂದುದೇ ಆ ದಿನದ ಸಾಧನೆ.

ಉತ್ಸವದ ನಡುವಣ ಮೌನ

ಧಾಮ ಸಂಪ್ರೋಕ್ಷಣೆ, ಪಂಚಕಲ್ಯಾಣಗಳ ದಿನಗಳಲ್ಲಿ ಗರ್ಭಾವತರಣ, ಜನ್ಮಾಭಿಷೇಕಗಳು ವಾದ್ಯಘೋಷಗಳಿಂದ ನಡೆಯುತ್ತವೆ. ಮೂರನೆಯದಾದ ದೀಕ್ಷಾಕಲ್ಯಾಣಕ್ಕೂ ನಾಲ್ಕನೆಯದಾದ ಕೇವಲಜ್ಞಾನ ಕಲ್ಯಾಣಕ್ಕೂ ನಡುವೆ ಉತ್ಸವದಲ್ಲಿ ಕೆಲವು ಗಂಟೆಗಳ ಅಥವಾ ಒಂದು ದಿನದ ಅಂತರವಿರುತ್ತದೆ. ತೀರ್ಥಂಕರರ ಚರಿತ್ರೆಯಲ್ಲಿ ಆ ಅಂತರ ಬಹು ದೀರ್ಘವಾದುದು. ಆದಿನಾಥ ಸ್ವಾಮಿಯು ದೀಕ್ಷೆಯ ತರುವಾಯ ಆರು ತಿಂಗಳು ಕಾಯೋತ್ಸರ್ಗದಲ್ಲಿ ನಿಂತನು. ಮಹಾವೀರ ಸ್ವಾಮಿಯು ಹನ್ನೆರಡು ವರ್ಷ ಮೌನದಿಂದ ತಪವನ್ನಾಚರಿಸಿದನು. ಕೇವಲಜ್ಞಾನವಾದ ಮೇಲೂ ಗಣಧರನಾದ ಇಂದ್ರಭೂತಿ ಗೌತಮನು ಬರುವವರೆಗೆ 66 ದಿನ ದಿವ್ಯಧ್ವನಿಯು ಹೊರಡಲಿಲ್ಲವೆಂದು ದಿಗಂಬರ ಪರಂಪರೆ ತಿಳಿಸುತ್ತದೆ. ಐದು ಕಲ್ಯಾಣಗಳ ಒಡಲಿನಲ್ಲಿ ಇರುವುದು ಈ ಮೌನವೇ.

ಪ್ರತಿಷ್ಠೆಗೊಳ್ಳುವ ಬಿಂಬವೂ ಅದನ್ನೇ ಹೇಳುತ್ತದೆ. ಜಿನಬಿಂಬದ ಕೈಯಲ್ಲಿ ಆಯುಧವಿಲ್ಲ, ವರವನ್ನು ಕೊಡುವ ಮುದ್ರೆಯೂ ಇಲ್ಲ. ಪದ್ಮಾಸನ ಅಥವಾ ಕಾಯೋತ್ಸರ್ಗ ಎಂಬ ಎರಡೇ ಭಂಗಿಗಳು, ಎರಡೂ ಧ್ಯಾನದವು. ದೃಷ್ಟಿ ನಾಸಿಕಾಗ್ರದಲ್ಲಿ. ಎದುರಿಗೆ ನಿಂತವನಿಗೆ ಆ ಬಿಂಬವು ಏನನ್ನೂ ಕೊಡುವುದಿಲ್ಲ, ಏನನ್ನೂ ಕಸಿದುಕೊಳ್ಳುವುದಿಲ್ಲ. ಹೀಗೆ ಕುಳಿತುಕೋ ಎಂದು ಮಾತಿಲ್ಲದೆ ತೋರಿಸಿಕೊಡುತ್ತದೆ. ಆ ಪಾಠವನ್ನು ಕಲಿಯಲು ಯಾರೂ ಬಾರದಿದ್ದರೆ ಬಿಂಬದ ಪ್ರತಿಷ್ಠೆ ಸಾರ್ಥಕವಾಗುವುದೆಂತು?

ತುಳುನಾಡಿನ ಎಷ್ಟೋ ಬಸದಿಗಳ ಇಂದಿನ ಸ್ಥಿತಿಯನ್ನು ಎಲ್ಲರೂ ಬಲ್ಲರು. ಇಂದ್ರರು ಬೆಳಗ್ಗೆ ಬಂದು ಅಭಿಷೇಕ ಪೂಜೆಗಳನ್ನು ನೆರವೇರಿಸಿ ಬಾಗಿಲನ್ನು ಹಾಕಿಕೊಂಡು ಹೋಗುತ್ತಾರೆ. ಸುತ್ತಲಿನ ಮನೆಗಳ ಮಕ್ಕಳು ಬೆಂಗಳೂರು, ಮುಂಬಯಿಗಳಲ್ಲಿಯೂ ಸಾಗರದಾಚೆಯಲ್ಲಿಯೂ ನೆಲೆಸಿದ್ದಾರೆ. ಜೀರ್ಣೋದ್ಧಾರಕ್ಕೆ ಕರೆ ಬಂದಾಗ ಅವರೆಲ್ಲರೂ ಧಾರಾಳವಾಗಿ ಧನಸಹಾಯ ಮಾಡುತ್ತಾರೆ. ತಾಮ್ರದ ಹೊದಿಕೆ, ಶಿಲಾಮಯ ನೆಲ, ವಿದ್ಯುದ್ದೀಪಗಳು ಸಿದ್ಧವಾಗುತ್ತವೆ. ಇದು ಪ್ರಶಂಸನೀಯವೇ. ಆದರೆ ದಾನಪಟ್ಟಿಯಲ್ಲಿ ಬರೆಯಲಾಗದ ದಾನವೊಂದಿದೆ. ಅದು 48 ನಿಮಿಷಗಳ ದಾನ. ಸಾವಿರ ರೂಪಾಯಿಯನ್ನು ಸುಲಭವಾಗಿ ಕೊಡುವ ಕೈಗೆ ಎರಡು ಘಳಿಗೆಯನ್ನು ಕೊಡುವುದು ಕಷ್ಟವಾಗಿದೆ. ಕೈಯಲ್ಲಿನ ಮೊಬೈಲು ಒಂದು ಮುಹೂರ್ತವೂ ಸುಮ್ಮನಿರಲು ಬಿಡದ ಈ ಕಾಲದಲ್ಲಿ ಅದು ಮೊದಲಿಗಿಂತಲೂ ದೊಡ್ಡ ದಾನವಾಗಿದೆ.

ಸೂರ್ಯಾಸ್ತಕ್ಕೆ ಮೊದಲೇ ಊಟವನ್ನು ಮುಗಿಸುವ ಪದ್ಧತಿಯನ್ನು ಹಿರಿಯರು ರೂಢಿಸಿಕೊಟ್ಟರು. ಊಟವಾಗಿ, ದೀಪ ಹಚ್ಚಿ, ಇನ್ನೂ ನಿದ್ರೆಗೆ ಹೊತ್ತಾಗದ ಆ ಸಂಧ್ಯಾಕಾಲ ಸಾಮಾಯಿಕಕ್ಕೆಂದೇ ತೆರವಾಗಿ ಉಳಿದಿದೆ. ಮನೆಯ ಹಿರಿಯರೊಬ್ಬರು ಆ ಹೊತ್ತಿನಲ್ಲಿ ಬಸದಿಯ ಮೂಲೆಯಲ್ಲೋ ಮನೆಯ ದೇವರ ಕೋಣೆಯಲ್ಲೋ ಕುಳಿತರೆ, ನೋಡುವ ಮಗು ಒಂದು ದಿನ ಪಕ್ಕದಲ್ಲಿ ಬಂದು ಕುಳಿತುಕೊಳ್ಳುತ್ತದೆ. ಉಪದೇಶದಿಂದ ಬಾರದುದು ಹಾಗೆ ಬರುತ್ತದೆ. ಕಟವಪ್ರದ ಬಂಡೆಯ ಬಳಿ ಉಳಿದ ಶಿಷ್ಯನೂ ಒಬ್ಬನೇ. ಪರಂಪರೆಯು ಮುಂದುವರಿಯುವುದಕ್ಕೆ ಒಬ್ಬನು ಸಾಕಾಯಿತು.

ಉತ್ಸವವು ಮುಗಿದು, ಚಪ್ಪರವನ್ನು ಬಿಚ್ಚಿ, ಬಂದ ನೆಂಟರು ಊರಿಗೆ ಮರಳಿದ ಮರುದಿನದ ಸಂಜೆ ಬಸದಿಯಲ್ಲಿ ನಿಶ್ಶಬ್ದವು ನೆಲೆಸುತ್ತದೆ. ಅದು ಬರಿದಾದ ನಿಶ್ಶಬ್ದವಾಗುವುದೋ ತುಂಬಿದ ಮೌನವಾಗುವುದೋ ಎಂಬುದು ಅಂದು ಅಲ್ಲಿ ಒಬ್ಬ ಶ್ರಾವಕನೋ ಶ್ರಾವಿಕೆಯೋ ಬಂದು ಕುಳಿತುಕೊಳ್ಳುವುದನ್ನು ಅವಲಂಬಿಸಿದೆ. ಜಿನೇಶ್ವರನ ಸನ್ನಿಧಿಯಲ್ಲಿ ಆ ಸ್ಥಾನವು ಎಂದಿಗೂ ತೆರವಾಗಿ ಉಳಿಯದಿರಲಿ.